ಹಳೆಯ ಮನೆಗಳಲ್ಲಿ ಛಾವಣಿ ಫ್ಯಾನ್ ಬದಲಾವಣೆ: ಗೋಕಾಕ, ಮೂಡಲಗಿ, ಹುಕ್ಕೇರಿ

ಛಾವಣಿ ಫ್ಯಾನ್ ಬದಲಾವಣೆ ಎಂದರೆ ಮನೆಯ ಛಾವಣಿಯಿಂದ ತೂಗುವ ಹಳೆಯ ವಿದ್ಯುತ್ ಫ್ಯಾನನ್ನು ಕಳಚಿ, ಅದೇ ಜಾಗದಲ್ಲಿ, ಅದೇ ವೈರಿಂಗಿಗೆ ಹೊಸ ಫ್ಯಾನನ್ನು ಜೋಡಿಸುವ ಕೆಲಸ. ಹೊಸ ಕಾಂಕ್ರೀಟ್ ಮನೆಯಲ್ಲಿ ಇದು ಅರ್ಧ ಗಂಟೆಯ ಕೆಲಸ. ಮಣ್ಣಿನ ಮಾಳಿಗೆ, ಹಂಚು, ಫರಸಿ, ತಗಡು ಹೊದಿಸಿದ ಹಳೆಯ ಮನೆಗಳಲ್ಲಿ ಹಾಗಲ್ಲ. ಅಲ್ಲಿ ಫ್ಯಾನಿನ ಭಾರ ಹೊರುವ ತೊಲೆ, ಅದನ್ನು ಹಿಡಿದಿರುವ ಹುಕ್ಕು, ಅದಕ್ಕೆ ಕರೆಂಟು ತರುವ ತಂತಿ ಈ ಮೂರರ ಪರೀಕ್ಷೆಯೇ ಮುಖ್ಯ; ಫ್ಯಾನು ಕೊನೆಯ ಮಾತು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಈ ಎಲ್ಲ ಬಗೆಯ ಛಾವಣಿಗಳೂ ಒಂದೇ ಓಣಿಯಲ್ಲಿ ಕಾಣಸಿಗುತ್ತವೆ.

ಈ ಲೇಖನದಲ್ಲಿ ‘ಹಳೆಯ ಮನೆ’ ಎಂಬುದು ಫ್ಯಾನಿಗೆಂದು ಹುಕ್ಕು ಇಡದೆ ಕಟ್ಟಿದ ಮನೆಗೂ, ಹುಕ್ಕು ಇದ್ದು ವೈರಿಂಗ್ ದಶಕಗಳಷ್ಟು ಹಳೆಯದಾದ ಮನೆಗೂ ಅನ್ವಯಿಸುತ್ತದೆ. ‘ತೊಲೆ’ ಎಂದರೆ ಗೋಡೆಯಿಂದ ಗೋಡೆಗೆ ಅಥವಾ ಕಂಬದಿಂದ ಕಂಬಕ್ಕೆ ಹಾಯುವ ದಪ್ಪ ಮರ. ‘ಜಂತಿ’ ಎಂದರೆ ತೊಲೆಯ ಮೇಲೆ ಅಡ್ಡಡ್ಡಲಾಗಿ ಕೂಡುವ ಸಣ್ಣ ಮರ.

ಹಿನ್ನೆಲೆ

ವಿದ್ಯುತ್ತಿನಿಂದ ತಿರುಗುವ ಛಾವಣಿ ಫ್ಯಾನು ಅಮೆರಿಕದಲ್ಲಿ 1880ರ ದಶಕದಲ್ಲಿ ರೂಪುಗೊಂಡಿತು. ಹೊಲಿಗೆ ಯಂತ್ರಗಳಿಗೆ ಮೋಟರ್ ತಯಾರಿಸುತ್ತಿದ್ದ ಫಿಲಿಪ್ ಡೀಲ್ ಆ ಮೋಟರಿಗೆ ರೆಕ್ಕೆ ಕಟ್ಟಿ ಛಾವಣಿಗೆ ತೂಗುಹಾಕಿದವರು. ಭಾರತದಲ್ಲಿ ಅದಕ್ಕೂ ಮೊದಲು ಕಚೇರಿ, ಬಂಗಲೆಗಳ ಛಾವಣಿಗೆ ಬಟ್ಟೆಯ ಪಂಖ ಕಟ್ಟಿ, ಹೊರಗೆ ಕುಳಿತ ಆಳು ಹಗ್ಗ ಎಳೆದು ಗಾಳಿ ಬೀಸುವ ಪದ್ಧತಿಯಿತ್ತು.

ಅದೇ ದಶಕದಲ್ಲಿ ಗೋಕಾಕ ಜಲಪಾತದ ಬಳಿ ಬೇರೊಂದು ಬೆಳವಣಿಗೆ ನಡೆಯಿತು. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯ ನೀರಿನ ಬಲದಿಂದ ಹತ್ತಿ ಗಿರಣಿ ನಡೆಸುವ ಉದ್ದೇಶಕ್ಕೆ 1885ರಲ್ಲಿ ಕಂಪನಿ ಸ್ಥಾಪನೆಯಾಗಿ, 1887ರಲ್ಲಿ ಗಿರಣಿಗೆ ಜಲಶಕ್ತಿ ದೊರೆಯಿತು. ಗೋಕಾಕದ ಹೆಸರು ಭಾರತದ ವಿದ್ಯುತ್ ಇತಿಹಾಸದಲ್ಲಿ ಬರುವುದು ಇದರಿಂದಲೇ. ಆದರೆ ಆ ಶಕ್ತಿ ಗಿರಣಿಯ ಯಂತ್ರಗಳಿಗೆ ಮೀಸಲಾಗಿತ್ತು. ಸುತ್ತಲಿನ ಹಳ್ಳಿಗಳ ಮನೆಗಳಿಗೆ ಕರೆಂಟು ಬರಲು ಹಲವು ದಶಕಗಳು ಹಿಡಿದವು.

ಹಳ್ಳಿಯ ಮನೆಗಳ ಮಟ್ಟಿಗೆ 1969 ಮುಖ್ಯ ವರ್ಷ. ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾದ ಆ ವರ್ಷ, ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ 5 ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಆಗಿನ ಆಂಧ್ರದ ಸಿರಿಸಿಲ್ಲಾ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೊಡಿನಾರ್, ಉತ್ತರ ಪ್ರದೇಶದ ಲಖನೌ ಉಳಿದ ನಾಲ್ಕು. ಹುಕ್ಕೇರಿ ಸಂಘ ಇಂದಿಗೂ ತಾಲ್ಲೂಕಿನಲ್ಲಿ ವಿದ್ಯುತ್ ಹಂಚುತ್ತಿದೆ. ಕರ್ನಾಟಕದಲ್ಲಿ ಈ ಬಗೆಯ ಸಹಕಾರಿ ಸಂಘ ಇದೊಂದೇ. ಗೋಕಾಕದಲ್ಲಿಯೂ, 2018ರಲ್ಲಿ ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿಯಲ್ಲಿಯೂ 2002ರಿಂದ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ (ಹೆಸ್ಕಾಂ) ಈ ಕೆಲಸ ಮಾಡುತ್ತಿದೆ.

ಮನೆಗಳಿಗೆ ಮೊದಲು ಬಂದದ್ದು ದೀಪ. 1970ರ ದಶಕದ ಕೊನೆಯಲ್ಲಿ ಜಾರಿಗೆ ಬಂದ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಸಿಗುತ್ತಿದ್ದದ್ದು ಒಂದೇ ಬಲ್ಬಿನ ಸಂಪರ್ಕ. ಫ್ಯಾನು ಬಂದದ್ದು ಅನಂತರ, ಬಹಳ ಕಡೆ ಬಲ್ಬಿನ ತಂತಿಯನ್ನೇ ಮುಂದಕ್ಕೆಳೆದು. ಹಳೆಯ ಮನೆಗಳ ಫ್ಯಾನ್ ಸಮಸ್ಯೆಗಳ ಬೇರು ಇಲ್ಲಿದೆ: ಮನೆಯನ್ನು ಮಣ್ಣು, ಮಳೆಯ ಭಾರ ಹೊರಲು ಕಟ್ಟಲಾಯಿತು, ವೈರಿಂಗನ್ನು ದೀಪಕ್ಕಾಗಿ ಎಳೆಯಲಾಯಿತು, ತಿರುಗುತ್ತ, ನಡುಗುತ್ತ ವರ್ಷಗಟ್ಟಲೆ ತೂಗುವ ವಸ್ತುವಿನ ಲೆಕ್ಕ ಎರಡರಲ್ಲೂ ಇರಲಿಲ್ಲ.

ಫ್ಯಾನಿನ ರಚನೆ

ಛಾವಣಿ ಫ್ಯಾನಿನ ಭಾಗಗಳು ಮೇಲಿನಿಂದ ಕೆಳಕ್ಕೆ ಹೀಗಿವೆ: ಹುಕ್ಕಿಗೆ ಸಿಕ್ಕಿಸುವ ಶಾಕಲ್, ಅದರೊಳಗೆ ಕೂಡುವ ರಬ್ಬರಿನ ಬುಶ್, ಉಕ್ಕಿನ ಕೊಳವೆಯಾದ ರಾಡು, ರಾಡಿನ ಎರಡೂ ತುದಿಗಳನ್ನು ಮುಚ್ಚುವ ಕಪ್ಪುಗಳು, ಮೋಟರ್, ಕೊನೆಗೆ ರೆಕ್ಕೆಗಳು. ಕೆಳಗಿನ ಕಪ್ಪಿನ ಒಳಗೆ ತಂತಿ ಕೂಡಿಸುವ ಕನೆಕ್ಟರೂ, ಮೆಕ್ಯಾನಿಕ್‌ಗಳು ಕಂಡೆನ್ಸರ್ ಎನ್ನುವ ಕೆಪ್ಯಾಸಿಟರೂ ಇರುತ್ತವೆ.

ಸಾಮಾನ್ಯ ಮೋಟರಿನಲ್ಲಿ ಹೊರಮೈ ನಿಂತಿದ್ದು ಒಳಗಿನ ದಂಡ ತಿರುಗುತ್ತದೆ. ಛಾವಣಿ ಫ್ಯಾನಿನಲ್ಲಿ ಇದು ತಿರುಗುಮುರುಗು. ತಂತಿ ಸುತ್ತಿದ ಸ್ಟೇಟರ್ ಒಳಗೆ ದಂಡದ ಜೊತೆ ಸ್ಥಿರವಾಗಿರುತ್ತದೆ, ಹೊರಮೈ ರೆಕ್ಕೆಗಳೊಂದಿಗೆ ತಿರುಗುತ್ತದೆ. ಆದ್ದರಿಂದ ಫ್ಯಾನು ಚಾಲೂ ಆದಾಗಲೆಲ್ಲ ರಾಡಿನ ಮೇಲೆ ವಿರುದ್ಧ ದಿಕ್ಕಿನ ತಿರುಚುವ ಬಲ ಬೀಳುತ್ತದೆ. ರಾಡಿನ ಬೋಲ್ಟಿಗೆ ಬರೀ ನಟ್ಟು ಸಾಲದೆ ಸ್ಪ್ಲಿಟ್ ಪಿನ್ನೂ ಬೇಕಾಗುವುದು ಇದಕ್ಕೇ. ಪಿನ್ನು ಕಳೆದುಹೋದಾಗ ಮೊಳೆ ಬಾಗಿಸಿ ತುರುಕುವ ರೂಢಿ ಇದೆ. ಅದು ಪಿನ್ನಿನ ಕೆಲಸ ಮಾಡುವುದಿಲ್ಲ.

ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 1200 ಮಿ.ಮೀ. (48 ಇಂಚು) ಅಗಲದ ಫ್ಯಾನು. 900, 1050, 1400 ಮಿ.ಮೀ. ಅಳತೆಯವೂ ಸಿಗುತ್ತವೆ. ಎರಕದ ಮೈಯ ಹಳೆಯ ಫ್ಯಾನುಗಳು ಈಗಿನವಕ್ಕಿಂತ ಬಹಳ ಭಾರ. ಇಂದಿನ ಸಾಮಾನ್ಯ ಫ್ಯಾನು 3.5ರಿಂದ 5 ಕಿಲೋ ತೂಗುತ್ತದೆ. ಹೊಸ ಫ್ಯಾನು ಹಗುರವಾಗಿದೆ ಎಂದ ಮಾತ್ರಕ್ಕೆ ಹಳೆಯ ಹುಕ್ಕನ್ನು ನೋಡದೆ ಬಿಡುವಂತಿಲ್ಲ, ಏಕೆಂದರೆ ಹುಕ್ಕು ಸವೆಯುವುದು ಭಾರಕ್ಕಿಂತ ಹೆಚ್ಚಾಗಿ ನಡುಕದಿಂದ.

ಛಾವಣಿಯ ಬಗೆಗಳು ಮತ್ತು ತೂಗುಹಾಕುವ ವಿಧಾನ

ಹುಕ್ಕೇರಿಯ ಪಶ್ಚಿಮಕ್ಕೆ ಸಹ್ಯಾದ್ರಿಯ ಕಡೆ ಹೋದಂತೆ ಮಳೆ ಹೆಚ್ಚುತ್ತದೆ, ಹಂಚಿನ ಇಳಿಜಾರು ಮನೆಗಳೂ ಹೆಚ್ಚುತ್ತವೆ. ಗೋಕಾಕದಿಂದ ಈಶಾನ್ಯಕ್ಕೆ, ಮೂಡಲಗಿಯ ಬಯಲಿಗೆ ಇಳಿದರೆ ಚಪ್ಪಟೆಯ ಮಣ್ಣಿನ ಮಾಳಿಗೆ ಕಾಣುತ್ತದೆ. ಫರಸಿ, ತಗಡು, ಸ್ಲ್ಯಾಬು ಎಲ್ಲ ಕಡೆಯೂ ಇವೆ.

ಮಣ್ಣಿನ ಮಾಳಿಗೆ. ಕಂಬ, ಬೋದಿಗೆ, ತೊಲೆ, ಜಂತಿ, ಹಲಗೆ, ಅದರ ಮೇಲೆ ದಪ್ಪನೆಯ ಮಣ್ಣು ಎಂಬುದು ಇದರ ಕ್ರಮ. ಫ್ಯಾನಿನ ಭಾರವನ್ನು ತೊಲೆಯೇ ಹೊರಬೇಕು. ಜಂತಿ ಆಗಲೇ ಮಣ್ಣಿನ ಭಾರಕ್ಕೆ ಬಾಗಿರುತ್ತದೆ, ಹಲಗೆಗಂತೂ ಭಾರ ಹೊರುವ ಶಕ್ತಿಯೇ ಇಲ್ಲ. ಕೋಣೆಯ ನಡುವೆ ತೊಲೆ ಇಲ್ಲದಿದ್ದರೆ, ಫ್ಯಾನು ನಟ್ಟನಡುವೆ ಬರಲಿ ಎಂದು ಜಂತಿಗೆ ಕಟ್ಟುವುದಕ್ಕಿಂತ ಬದಿಗೆ ಸರಿದರೂ ತೊಲೆಗೆ ಕಟ್ಟುವುದು ಸರಿ.

ತೊಲೆಗೆ ಕಟ್ಟಲು ವೈರಿಂಗ್ ಸಂಹಿತೆ ಒಪ್ಪಿದ ಕ್ರಮ ಸರಳವಾಗಿದೆ. ತೊಲೆಯ ಎರಡೂ ಮಗ್ಗುಲಿಗೆ ಕಬ್ಬಿಣದ ಪಟ್ಟಿ ಇಟ್ಟು, ತೊಲೆಗೆ ಅಡ್ಡಲಾಗಿ ತೂತು ಕೊರೆದು, ಒಂದು ಅಥವಾ ಎರಡು ಬೋಲ್ಟುಗಳಿಂದ ಎರಡೂ ಪಟ್ಟಿಗಳನ್ನು ಬಿಗಿಯಬೇಕು. ಪಟ್ಟಿಗಳ ಕೆಳತುದಿಯಲ್ಲಿ ಫ್ಯಾನಿನ ಶಾಕಲ್ ಕೂಡುತ್ತದೆ. ತೂತು ತೊಲೆಯ ಎತ್ತರದ ನಡುಭಾಗದಲ್ಲಿರಬೇಕು. ಭಾರ ಬಿದ್ದ ತೊಲೆಯ ಕೆಳ ಅಂಚು ಹಿಗ್ಗುತ್ತದೆ, ಮೇಲಂಚು ಕುಗ್ಗುತ್ತದೆ, ನಡುವಿನಲ್ಲಿ ಎರಡೂ ಕಡಿಮೆ. ಕೆಳ ಅಂಚಿನಲ್ಲಿ ಕೊರೆದ ತೂತು ತೊಲೆ ಸೀಳಲು ದಾರಿ ಮಾಡುತ್ತದೆ. ಕೆಳಗಿನಿಂದ ತಿರುಪಿ ಏರಿಸುವ ಸ್ಕ್ರೂ ಹುಕ್ಕು ಬಲ್ಬಿನ ತಂತಿಗೋ ಕನ್ನಡಿಗೋ ಸಾಕು, ಫ್ಯಾನಿಗೆ ಸಲ್ಲದು: ಒಣಗಿದ ಹಳೆಯ ಮರದಲ್ಲಿ ಅದರ ಹಿಡಿತ ನಡುಕದಿಂದ ಸಡಿಲವಾಗುತ್ತ ಹೋಗುತ್ತದೆ, ಹೊರಗೆ ಗುರುತು ಕಾಣುವುದಿಲ್ಲ.

ಮರದ ಪರೀಕ್ಷೆ ಬಡಿಗೇರರ ಕೆಲಸ. ಸಾಗವಾನಿ ತೊಲೆಗೆ ಒರಲೆ ಸುಲಭಕ್ಕೆ ಹತ್ತುವುದಿಲ್ಲ. ಬೇವು, ಜಾಲಿ, ಮತ್ತಿಯ ತೊಲೆಗಳೂ ಈ ಕಡೆ ಇವೆ. ಮೇಲ್ನೋಟಕ್ಕೆ ಗಟ್ಟಿಯಾಗಿ ಕಾಣುವ ತೊಲೆಯ ಒಳಗು ಒರಲೆಯಿಂದ ಪೊಳ್ಳಾಗಿರಬಹುದು. ಸುತ್ತಿಗೆಯಿಂದ ಬಡಿದಾಗ ಬರುವ ಪೊಳ್ಳು ಸದ್ದು, ಉಳಿ ಚುಚ್ಚಿದಾಗ ತಡೆಯಿಲ್ಲದೆ ಒಳಹೋಗುವುದು, ಗೋಡೆಯ ಮೇಲಿನ ಮಣ್ಣಿನ ಸುರಂಗಗಳು ಇದರ ಲಕ್ಷಣ. ಎಲ್ಲಕ್ಕಿಂತ ಹೆಚ್ಚು ನೋಡಬೇಕಾದದ್ದು ತೊಲೆ ಗೋಡೆಯೊಳಗೆ ಕೂಡುವ ತುದಿಯನ್ನು. ಸೋರುವ ನೀರು ಅಲ್ಲಿ ನಿಂತು ಮರ ಕೊಳೆಯುತ್ತದೆ. ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿದ 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಪ್ರವಾಹಗಳಲ್ಲಿ ನೀರು ಹೊಕ್ಕ ಗೋಕಾಕ ಭಾಗದ ಮನೆಗಳಲ್ಲಿ ಮಣ್ಣಿನ ಗೋಡೆ ಕುಸಿಯದೆ ಉಳಿದಿದ್ದರೂ ತೊಲೆಯ ತುದಿ, ಗೋಡೆಯ ಬಲ ಎರಡನ್ನೂ ಮರುಪರೀಕ್ಷಿಸದೆ ಹೊಸ ಭಾರ ಹೇರುವಂತಿಲ್ಲ.

ಹಂಚಿನ ಛಾವಣಿ. ಇಳಿಜಾರು ಮರಗಳಿಗಾಗಲಿ, ಹಂಚು ಕೂಡುವ ರೀಪುಗಳಿಗಾಗಲಿ ಫ್ಯಾನು ತೂಗುಹಾಕಬಾರದು. ಗೋಡೆಯಿಂದ ಗೋಡೆಗೆ ಹಾಯುವ ಅಡ್ಡ ತೊಲೆಯಷ್ಟೇ ಇದಕ್ಕೆ ತಕ್ಕದ್ದು, ಕಟ್ಟುವ ಕ್ರಮ ಮೇಲಿನಂತೆಯೇ. ಅಡ್ಡ ತೊಲೆ ಇಲ್ಲದ ಕಡೆ ಎರಡು ಗೋಡೆಗಳ ನಡುವೆ ಕಬ್ಬಿಣದ ಪೈಪು ಕೂಡಿಸುತ್ತಾರೆ. ಪೈಪಿನ ಎರಡೂ ತುದಿ ಗೋಡೆಯೊಳಗೆ ಆಳವಾಗಿ ಸಿಮೆಂಟಿನಲ್ಲಿ ಕೂತಿರಬೇಕು. ಮಣ್ಣಿನ ಗೋಡೆಯಾದರೆ ತುದಿಯ ಕೆಳಗೆ ಕಲ್ಲು ಇಟ್ಟು ಭಾರವನ್ನು ಹರಡಬೇಕಾಗುತ್ತದೆ. ಹಂಚಿನಡಿ ಹಲಗೆಯ ಒಳಛಾವಣಿ ಇದ್ದರೆ ರಾಡು ಅದರ ಮೂಲಕ ಹಾಯಬಹುದು, ಆದರೆ ಆ ಹಲಗೆಗೆ ಭಾರ ತಗಲಬಾರದು.

ಗರ್ಡರು-ಫರಸಿ ಛಾವಣಿ. ಉಕ್ಕಿನ ಗರ್ಡರುಗಳ ಮೇಲೆ ಕಲ್ಲಿನ ಫರಸಿ ಹೊದಿಸಿದ ಮನೆಗಳು ಪೇಟೆಯ ಹಳೆಯ ಅಂಗಡಿ, ಮನೆಗಳಲ್ಲಿ ಸಾಮಾನ್ಯ. ಫರಸಿಗೆ ತೂತು ಹೊಡೆದು ಹುಕ್ಕು ಹಾಕಬಾರದು, ಬಿರುಕು ಬಿಟ್ಟ ಕಲ್ಲು ಎಚ್ಚರಿಕೆ ಕೊಡದೆ ಬೀಳುತ್ತದೆ. ಗರ್ಡರಿನ ಕೆಳ ಅಂಚನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವಂತೆ ಪಟ್ಟಿ ಬಾಗಿಸಿ ಬೋಲ್ಟ್ ಹಾಕಿದ ಕ್ಲ್ಯಾಂಪೇ ಸರಿಯಾದ ದಾರಿ. ಗರ್ಡರಿಗೆ ತೂತು ಕೊರೆಯುವುದೂ ಬೇಡ, ವೆಲ್ಡ್ ಮಾಡುವುದೂ ಬೇಡ. ಈ ಬಗೆಯ ಛಾವಣಿಯಲ್ಲಿ ಫ್ಯಾನು ಹಾಕುವುದು ಉಳಿದೆಲ್ಲಕ್ಕಿಂತ ನಿರಾತಂಕ. ಗರ್ಡರಿನ ಕೆಳ ಅಂಚು ತುಕ್ಕು ತಿಂದು ಪದರು ಪದರಾಗಿ ಏಳದಿದ್ದರೆ ಸಾಕು.

ಕಾಂಕ್ರೀಟ್ ಸ್ಲ್ಯಾಬು. ಸ್ಲ್ಯಾಬು ಹಾಕುವಾಗಲೇ ಸರಳುಗಳಿಗೆ ಕಟ್ಟಿ ಹುದುಗಿಸಿದ ಹುಕ್ಕು ಇಲ್ಲಿರುತ್ತದೆ, 12 ಮಿ.ಮೀ. ದಪ್ಪದ ಸರಳು ಇದಕ್ಕೆ ರೂಢಿ. ಮೇಲಿನಿಂದ ಸೋರಿದ ಹಳೆಯ ಸ್ಲ್ಯಾಬುಗಳಲ್ಲಿ ಸರಳು ತುಕ್ಕು ಹಿಡಿದು ಉಬ್ಬಿ, ಗಿಲಾವು ಕಳಚಿ ಬೀಳುತ್ತದೆ. ಹುಕ್ಕಿನ ಸುತ್ತ ಗಿಲಾವು ಉದುರಿದ್ದರೆ, ಕಂದು ಬಣ್ಣದ ಕಲೆ ಇದ್ದರೆ ಆ ಹುಕ್ಕನ್ನು ನಂಬುವಂತಿಲ್ಲ. ಗಟ್ಟಿ ಕಾಂಕ್ರೀಟಿನಲ್ಲಿ ಬೇರೆ ಕಡೆ ಆ್ಯಂಕರ್ ಬೋಲ್ಟು ಹಾಕಬಹುದು. ಸಡಿಲ ಕಾಂಕ್ರೀಟಿನಲ್ಲಿ ಆ್ಯಂಕರ್ ಹಿಡಿಯುವುದಿಲ್ಲ. ಅಂಥ ಕಡೆ ಸ್ಲ್ಯಾಬಿನ ಆರಪಾರ ಬೋಲ್ಟು ಹಾಯಿಸಿ, ಮೇಲೆ ಉಕ್ಕಿನ ತಟ್ಟೆ ಇಟ್ಟು, ನೀರು ಇಳಿಯದಂತೆ ಮುಚ್ಚುವುದುಂಟು. ಸ್ಲ್ಯಾಬೇ ಕೆಟ್ಟಿದ್ದರೆ ಮೊದಲು ಅದರ ದುರಸ್ತಿ.

ತಗಡಿನ ಛಾವಣಿ. ಪತ್ರಾಸಿನ ಮನೆಗಳಲ್ಲಿ ತಗಡು ಹೊತ್ತ ಸಣ್ಣ ಆ್ಯಂಗಲ್‌ಗಳಿಗೆ ಫ್ಯಾನು ಕಟ್ಟಿದರೆ ಇಡೀ ಛಾವಣಿ ಗುಂಯ್‌ಗುಡುತ್ತದೆ, ತಗಡಿನ ಬೋಲ್ಟುಗಳು ಸಡಿಲವಾಗುತ್ತವೆ. ಇಲ್ಲಿಯೂ ಗೋಡೆಯಿಂದ ಗೋಡೆಗೆ ಪ್ರತ್ಯೇಕ ಪೈಪು ಬೇಕು. ತಂತಿಯ ಕವಚ ತಗಡಿನ ಅಂಚಿಗೆ ತಗಲಿ ಹರಿದರೆ ಇಡೀ ಛಾವಣಿಗೆ ಕರೆಂಟು ಹರಿಯುತ್ತದೆ ಎಂಬುದು ಈ ಬಗೆಯಲ್ಲಿ ಬೇರೆಲ್ಲೂ ಇಲ್ಲದ ಅಪಾಯ.

ಯಾವ ಛಾವಣಿಯಾದರೂ ಹುಕ್ಕನ್ನು ಬೆರಳಿನಿಂದ ಸವರಿ ನೋಡಬೇಕು. ಶಾಕಲ್ ಕೂತ ಜಾಗದಲ್ಲಿ ಸವೆದು ಕುಳಿ ಬಿದ್ದಿದ್ದರೆ ಹುಕ್ಕು ಬದಲಿಸಬೇಕು. ಬಾಯಿ ತೆರೆದ ಹುಕ್ಕಿಗಿಂತ ಮುಚ್ಚಿದ ಬಳೆ ಉತ್ತಮ. ಫ್ಯಾನು ಏರಿಸುವ ಮೊದಲು ಅದರ ತೂಕದ ಹಲವು ಪಟ್ಟು ಭಾರವನ್ನು, ಮರಳು ತುಂಬಿದ ಚೀಲದಂಥದ್ದನ್ನು, ಹುಕ್ಕಿಗೆ ತೂಗಿಬಿಟ್ಟು ಕೆಲ ಹೊತ್ತು ನೋಡುವುದು ಹಳೆಯ ಮನೆಗಳಲ್ಲಿ ಅಗತ್ಯದ ಪರೀಕ್ಷೆ. ಕೆಲವು ಫ್ಯಾನುಗಳೊಂದಿಗೆ ಬರುವ ಉಕ್ಕಿನ ಸುರಕ್ಷಾ ತಂತಿಯನ್ನು ಹುಕ್ಕಿಗೆ ಬದಲು ಇನ್ನೊಂದು ಗಟ್ಟಿ ಆಧಾರಕ್ಕೆ ಕಟ್ಟಿದರೆ ಮಾತ್ರ ಅದಕ್ಕೆ ಅರ್ಥ.

ಎತ್ತರ

ಕೋಣೆಯ ಎತ್ತರ H, ಕೂತು ಅಥವಾ ನಿಂತು ಕೆಲಸ ಮಾಡುವ ಮಟ್ಟದ ಎತ್ತರ W ಆದರೆ, ರೆಕ್ಕೆಗಳು ನೆಲದಿಂದ (3H + W) ÷ 4 ಎತ್ತರದಲ್ಲಿರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಛಾವಣಿಗೂ ರೆಕ್ಕೆಗೂ ಸುಮಾರು 0.3 ಮೀಟರ್ ಅಂತರ ಬೇಕು, ಇಲ್ಲದಿದ್ದರೆ ಮೇಲಿನಿಂದ ಎಳೆದುಕೊಳ್ಳಲು ಫ್ಯಾನಿಗೆ ಗಾಳಿ ಸಿಗದು. 3.6 ಮೀಟರ್ ಎತ್ತರದ ಹಂಚಿನ ಕೋಣೆಯಲ್ಲಿ, 0.75 ಮೀಟರ್ ಎತ್ತರದ ಮೇಜಿನ ಲೆಕ್ಕಕ್ಕೆ, ರೆಕ್ಕೆಗಳು 2.9 ಮೀಟರಿನ ಆಸುಪಾಸು ಬರುತ್ತವೆ. ಉದ್ದ ರಾಡು ಬೇಕಾಗುತ್ತದೆ.

ಮಾಳಿಗೆ ಮನೆಯ ತೊಂದರೆ ಇದರ ವಿರುದ್ಧದ್ದು. ಭಾರತದ ವೈರಿಂಗ್ ರೂಢಿಯಲ್ಲಿ ಫ್ಯಾನು ನೆಲದಿಂದ 2.75 ಮೀಟರಿಗಿಂತ ಕೆಳಗಿರಬಾರದು. ಅಂತರರಾಷ್ಟ್ರೀಯ ಸುರಕ್ಷಾ ಮಾನಕ ಇಟ್ಟ ಗಡಿ 2.3 ಮೀಟರ್. ತೊಲೆಯ ಕೆಳಗಂಚೇ 2.6 ಮೀಟರಿನಲ್ಲಿದ್ದರೆ, ಶಾಕಲ್, ರಾಡು, ಮೋಟರ್ ಸೇರಿ 40 ಸೆಂ.ಮೀ. ಇಳಿದು ರೆಕ್ಕೆಗಳು 2.2 ಮೀಟರಿಗೆ ಬರುತ್ತವೆ. ಕೈ ಎತ್ತಿದರೆ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡರೆ, ಅಟ್ಟಕ್ಕೆ ಏಣಿ ಹಾಕಿದರೆ ತಗಲುವ ಎತ್ತರ ಅದು. ರಾಡನ್ನು ಕತ್ತರಿಸಿ ಗಿಡ್ಡ ಮಾಡುವುದು ಸ್ಥಳೀಯ ರೂಢಿ. ಕತ್ತರಿಸಿದ ರಾಡಿನಲ್ಲಿ ಬೋಲ್ಟಿನ ತೂತು ಅಂಚಿಗೆ ಹತ್ತಿರವಾಗಿ ಹರಿಯುವ ಭಯವಿದೆ. ಕಂಪನಿಯದೇ ಗಿಡ್ಡ ರಾಡು ಹಾಕಬೇಕು. ಅದೂ ಸಾಲದಿದ್ದರೆ ಗೋಡೆ ಫ್ಯಾನೇ ಸರಿ, ಅಲ್ಲಿ ಛಾವಣಿ ಫ್ಯಾನಿಗೆ ಜಾಗವಿಲ್ಲ.

ಹಳೆಯ ವೈರಿಂಗ್

ಈ ಭಾಗದ ಹಳೆಯ ಮನೆಗಳಲ್ಲಿ ಮರದ ಕೇಸಿಂಗ್ ಪಟ್ಟಿಯೊಳಗೆ ಹಾಯ್ದ ತಂತಿ, ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ರಬ್ಬರ್ ಕವಚದ ತಂತಿ, ಪಿವಿಸಿ ಕವಚದ ಅಲ್ಯುಮಿನಿಯಂ ತಂತಿ ಸಿಗುತ್ತವೆ. ರಬ್ಬರ್ ಕವಚ ವಯಸ್ಸಾದಂತೆ ಬಿರುಸಾಗಿ, ಮುಟ್ಟಿದರೆ ಉದುರುತ್ತದೆ. ಫ್ಯಾನು ಕಳಚುವಾಗ ತಂತಿ ಅಲುಗುವುದರಿಂದ, ಅಲ್ಲಿಯವರೆಗೆ ಸುಮ್ಮನಿದ್ದ ಕವಚ ಆಗಲೇ ಒಡೆಯುತ್ತದೆ. ಹಾಗೆ ಆದರೆ ಟೇಪು ಸುತ್ತಿ ಮುಗಿಸದೆ ಸ್ವಿಚ್ಚಿನಿಂದ ಫ್ಯಾನಿನವರೆಗೆ ಹೊಸ ತಂತಿ ಎಳೆಯಬೇಕು. ತಾಮ್ರದ್ದಾದರೆ 1.5 ಚದರ ಮಿ.ಮೀ. ದಪ್ಪ ಫ್ಯಾನಿಗೆ ಧಾರಾಳ.

ಅಲ್ಯುಮಿನಿಯಂ ತಂತಿಯನ್ನೂ ತಾಮ್ರದ ತಂತಿಯನ್ನೂ ಹೊಸೆದು ಕೂಡಿಸಿದ ಗಂಟು ಕಾಲಕ್ರಮದಲ್ಲಿ ಸಡಿಲಗೊಂಡು ಬಿಸಿಯಾಗುತ್ತದೆ. ಸ್ಕ್ರೂ ಇರುವ ಕನೆಕ್ಟರೇ ಬೇಕು. ಇಂಥ ಗಂಟು ಮರದ ಕೇಸಿಂಗಿನೊಳಗೆ ಇದ್ದರೆ ಬೆಂಕಿಗೆ ಸೌದೆ ಪಕ್ಕದಲ್ಲೇ ಇಟ್ಟಂತೆ.

ಇನ್ನೊಂದು ಕೊರತೆ ಅರ್ಥಿಂಗ್. ಎರಡೇ ತಂತಿಯ ಹಳೆಯ ವೈರಿಂಗಿನಲ್ಲಿ ಫ್ಯಾನಿನ ಲೋಹದ ಮೈ ನೆಲದೊಂದಿಗೆ ಕೂಡಿರುವುದಿಲ್ಲ. ಒಳಗಿನ ಸುತ್ತು ಮೈಗೆ ತಗಲಿದರೆ ಫ್ಯಾನು ತಿರುಗುತ್ತಲೇ ಇರುತ್ತದೆ, ಧೂಳು ಒರೆಸಲು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಹೊಸ ಫ್ಯಾನಿನ ಹಸಿರು ತಂತಿಯನ್ನು ಕತ್ತರಿಸಿ ಬಿಡುವುದು ಇಲ್ಲಿ ಎಲ್ಲರೂ ಮಾಡುವ ಕೆಲಸ, ಎಲ್ಲರೂ ಮಾಡುತ್ತಾರೆಂದು ಸರಿಯಾಗದು. ಮೂರನೆಯ ತಂತಿ ಎಳೆದು ಅರ್ಥಿಂಗಿಗೆ ಕೂಡಿಸಬೇಕು, ಜೊತೆಗೆ ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ಸೋರಿಕೆಯಾದ ಕ್ಷಣಕ್ಕೆ ಕರೆಂಟು ತಾನಾಗಿ ಕಡಿಯುತ್ತದೆ.

ಕರೆಂಟು ಕಡಿಯುವುದು

ಫ್ಯಾನಿನ ಸ್ವಿಚ್ಚು ಆರಿಸಿದರೆ ಸಾಲದು. ಹಳೆಯ ವೈರಿಂಗಿನಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ ಮೇಲೆ ಕೂತಿರುವುದುಂಟು. ಆಗ ಸ್ವಿಚ್ಚು ಆರಿಸಿದರೂ ಫ್ಯಾನಿನ ತಂತಿಯಲ್ಲಿ ಕರೆಂಟು ಇರುತ್ತದೆ. ಮೇನ್ ಸ್ವಿಚ್ಚನ್ನೇ ಇಳಿಸಬೇಕು. ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳಿದ್ದರೆ ಅವನ್ನು ಕಿತ್ತು ಕೈಯಲ್ಲಿಟ್ಟುಕೊಳ್ಳಬೇಕು. ಬಹಳ ಹಳೆಯ ಬೋರ್ಡುಗಳಲ್ಲಿ ಫೇಸಿಗೊಂದು, ನ್ಯೂಟ್ರಲಿಗೊಂದು ಫ್ಯೂಸು ಇರುತ್ತದೆ. ನ್ಯೂಟ್ರಲಿನ ಫ್ಯೂಸು ಮಾತ್ರ ಹೋದಾಗ ಮನೆಯೆಲ್ಲ ಕತ್ತಲಾಗಿ ಕರೆಂಟು ಹೋದಂತೆ ಕಾಣುತ್ತದೆ, ತಂತಿಯಲ್ಲಿ ಮಾತ್ರ 230 ವೋಲ್ಟು ಹಾಗೆಯೇ ನಿಂತಿರುತ್ತದೆ.

ಇನ್ವರ್ಟರ್ ಇರುವ ಮನೆಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಮೇನ್ ಇಳಿಸಿದ ಕೂಡಲೇ ಇನ್ವರ್ಟರ್ ತಾನಾಗಿ ಚಾಲೂ ಆಗಿ, ಅದರ ಸಾಲಿನಲ್ಲಿರುವ ಫ್ಯಾನಿಗೆ ಅಷ್ಟೇ ವೋಲ್ಟು ಕೊಡುತ್ತದೆ. ಸಾಮಾನ್ಯವಾಗಿ ಇನ್ವರ್ಟರ್ ಸಾಲಿಗೆ ಮೊದಲು ಸೇರಿಸುವುದೇ ಫ್ಯಾನು, ದೀಪಗಳನ್ನು. ಇನ್ವರ್ಟರನ್ನೂ ಆರಿಸಬೇಕು. ಲೈನಿನಲ್ಲಿ ಕರೆಂಟು ಹೋದ ಹೊತ್ತು ನೋಡಿ ಕೆಲಸ ಮಾಡುವುದಂತೂ ಕೂಡದು, ಅದು ಯಾವ ಗಳಿಗೆಯಲ್ಲಾದರೂ ಮರಳುತ್ತದೆ.

ಟೆಸ್ಟರನ್ನು ಮೊದಲು ಕರೆಂಟು ಇರುವ ಬಿಂದುವಿಗೆ ಹಿಡಿದು ಅದು ಹೊತ್ತುತ್ತದೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಫ್ಯಾನಿನ ಎರಡೂ ತಂತಿಗಳಿಗೆ ಹಿಡಿಯಬೇಕು.

ಬದಲಾವಣೆಯ ಕ್ರಮ

ಕೆಲಸಕ್ಕೆ ಇಬ್ಬರು ಬೇಕು: ಏಣಿಯ ಮೇಲೆ ಒಬ್ಬರು, ಏಣಿ ಹಿಡಿದು ಫ್ಯಾನು ಕೊಡಲು ಒಬ್ಬರು. ಸಗಣಿ ಸಾರಿಸಿದ ನೆಲದಲ್ಲಿ ಏಣಿ ಜಾರುತ್ತದೆ, ಕಾಲಡಿ ಗೋಣಿ ಹಾಕಬೇಕು. ಲೋಹದ ಏಣಿಗಿಂತ ಒಣಗಿದ ಮರದ ನಿಚ್ಚಣಿಕೆ ಲೇಸು.

ಕಳಚುವಾಗ ಮೊದಲು ರೆಕ್ಕೆಗಳನ್ನು ತೆಗೆಯಬೇಕು, ಆಮೇಲೆ ಕಪ್ಪು ಸರಿಸಿ ತಂತಿ ಬಿಚ್ಚಿ, ಯಾವುದು ಫೇಸ್ ಎಂದು ಗುರುತು ಮಾಡಬೇಕು. ಹಳೆಯ ಮನೆಗಳಲ್ಲಿ ತಂತಿಯ ಬಣ್ಣ ನಂಬುವಂಥದ್ದಲ್ಲ. ಕೊನೆಗೆ ಒಬ್ಬರು ಮೋಟರನ್ನು ತಳದಿಂದ ಎತ್ತಿ ಹಿಡಿದಾಗ ಇನ್ನೊಬ್ಬರು ಶಾಕಲ್ ಬೋಲ್ಟು ಬಿಚ್ಚುತ್ತಾರೆ.

ಹೊಸ ಫ್ಯಾನಿಗೆ ಕೆಳಗೇ ರಾಡು ಜೋಡಿಸಿ, ತಂತಿ ಹಾಯಿಸಿ, ಬೋಲ್ಟು, ನಟ್ಟು ಬಿಗಿದು ಸ್ಪ್ಲಿಟ್ ಪಿನ್ನಿನ ಎರಡೂ ಕಾಲು ಅಗಲಿಸಬೇಕು. ಹಳೆಯ ಬುಶ್, ಬೋಲ್ಟು, ಪಿನ್ನುಗಳನ್ನು ಮತ್ತೆ ಬಳಸುವುದು ಉಳಿತಾಯವಲ್ಲ. ಮೋಟರನ್ನು ಹುಕ್ಕಿಗೆ ತೂಗಿಸಿ, ಕೈಯಿಂದ ಎಳೆದು ನೋಡಿ, ತಂತಿ ಕೂಡಿಸಿ, ಕಪ್ಪನ್ನು ಛಾವಣಿಗೆ ತಗಲದಂತೆ ಏರಿಸಿ, ಕೊನೆಗೆ ರೆಕ್ಕೆ ಬಿಗಿಯಬೇಕು. ರೆಕ್ಕೆಗಳನ್ನು ಕಾರ್ಖಾನೆಯಲ್ಲಿ ತೂಕ ಹೊಂದಿಸಿ ಜೊತೆ ಮಾಡಿರುತ್ತಾರೆ, ಬೇರೆ ಫ್ಯಾನಿನ ರೆಕ್ಕೆ ಬೆರೆಸಿದರೆ ನಡುಕ ತಪ್ಪದು.

ಮೊದಲು ಕಡಿಮೆ ವೇಗದಲ್ಲಿ, ಆಮೇಲೆ ಪೂರ್ಣ ವೇಗದಲ್ಲಿ ಓಡಿಸಿ, ನಿಲ್ಲಿಸಿ, ಮತ್ತೊಮ್ಮೆ ಎಲ್ಲ ನಟ್ಟುಗಳನ್ನು ಬಿಗಿಯಬೇಕು. ಕೆಳಗಿನಿಂದ ನೋಡಿದಾಗ ಫ್ಯಾನು ಗಡಿಯಾರದ ಮುಳ್ಳಿನ ವಿರುದ್ಧ ತಿರುಗಬೇಕು. ತದ್ವಿರುದ್ಧ ತಿರುಗಿ ಗಾಳಿ ಬಾರದಿದ್ದರೆ ಕಂಡೆನ್ಸರಿನ ಜೋಡಣೆ ತಪ್ಪಾಗಿದೆ ಎಂದರ್ಥ.

ರೆಗ್ಯುಲೇಟರು ಮತ್ತು ಹೊಸ ಬಗೆಯ ಫ್ಯಾನು

ಸಾಂಪ್ರದಾಯಿಕ 1200 ಮಿ.ಮೀ. ಫ್ಯಾನು ಸುಮಾರು 75 ವ್ಯಾಟು ಬಳಸುತ್ತದೆ. ಬಿಎಲ್‌ಡಿಸಿ ಎಂದು ಮಾರುವ, ಕಾಯಂ ಅಯಸ್ಕಾಂತವಿರುವ ಮೋಟರಿನ ಫ್ಯಾನಿಗೆ ಸುಮಾರು 30 ವ್ಯಾಟು ಸಾಕು. ದಿನಕ್ಕೆ 12 ಗಂಟೆ ಓಡಿದರೆ ಮೊದಲನೆಯದಕ್ಕೆ 0.9 ಯೂನಿಟ್, ಎರಡನೆಯದಕ್ಕೆ 0.36 ಯೂನಿಟ್. ಬಿಎಲ್‌ಡಿಸಿ ಫ್ಯಾನಿನ ವೇಗ ಅದರೊಳಗಿನ ಸರ್ಕ್ಯೂಟಿನಿಂದಲೇ ಬದಲಾಗುತ್ತದೆ. ಅದನ್ನು ಹಳೆಯ ರೆಗ್ಯುಲೇಟರಿನ ಮೂಲಕ ಕೂಡಿಸಿದರೆ ಸರ್ಕ್ಯೂಟ್ ಕೆಡುತ್ತದೆ, ಆದ್ದರಿಂದ ರೆಗ್ಯುಲೇಟರನ್ನು ವೈರಿಂಗಿನಿಂದ ತೆಗೆದು ಸ್ವಿಚ್ಚಿನಿಂದ ನೇರ ತಂತಿ ಕೊಡಬೇಕು. ಸಾಮಾನ್ಯ ಫ್ಯಾನಿಗೂ ಹಳೆಯ ದೊಡ್ಡ ಪೆಟ್ಟಿಗೆಯ ರೆಗ್ಯುಲೇಟರನ್ನು ಉಳಿಸುವುದರಲ್ಲಿ ಹುರುಳಿಲ್ಲ: ಅದು ವೇಗ ತಗ್ಗಿಸಿದಾಗ ಉಳಿದ ವಿದ್ಯುತ್ತನ್ನು ಬಿಸಿಯಾಗಿ ಕಳೆಯುತ್ತದೆ, ಮರದ ಬೋರ್ಡಿನ ಮೇಲೆ ಆ ಬಿಸಿ ಒಳ್ಳೆಯದಲ್ಲ.

ಕಾನೂನು ಮತ್ತು ಮಾನಕ

1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮದ ಪ್ರಕಾರ ಮನೆಯ ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕಿತ್ತು. 250 ವೋಲ್ಟ್ ಮೀರದ ದೀಪ, ಫ್ಯಾನ್, ಫ್ಯೂಸ್, ಸ್ವಿಚ್ಚುಗಳನ್ನು, ವೈರಿಂಗಿನ ಸಾಮರ್ಥ್ಯ ಮತ್ತು ಸ್ವರೂಪ ಬದಲಾಗದಂತೆ ಬದಲಿಸುವುದಕ್ಕೆ ಮಾತ್ರ ಇದರಿಂದ ವಿನಾಯಿತಿ ಇತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳೂ ಇದನ್ನೇ ಉಳಿಸಿಕೊಂಡವು. ಹಾಗಾಗಿ ಇದ್ದ ಫ್ಯಾನಿನ ಜಾಗದಲ್ಲಿ ಇನ್ನೊಂದನ್ನು ಮನೆಯವರು ಹಾಕಿಕೊಳ್ಳಬಹುದು. ಹೊಸ ಪಾಯಿಂಟು ಮಾಡುವುದು, ಬಲ್ಬಿನ ತಂತಿ ಮುಂದಕ್ಕೆ ಎಳೆಯುವುದು, ತಂತಿ ಬದಲಿಸುವುದು ಪರವಾನಗಿ ಇದ್ದವರ ಕೆಲಸ. ಹಳೆಯ ಮನೆಗಳಲ್ಲಿ ಮೊದಲನೆಯದೆಂದು ಆರಂಭವಾದದ್ದು ಎಷ್ಟೋ ಸಲ ಎರಡನೆಯದಾಗಿ ಮುಗಿಯುತ್ತದೆ. ಪರವಾನಗಿ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ.

ಛಾವಣಿ ಫ್ಯಾನಿನ ಭಾರತೀಯ ಮಾನಕ ಐಎಸ್ 374, ಈಚಿನ ಪರಿಷ್ಕರಣೆ 2019ರದು. ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಗುರುತು 2023ರ ಜನವರಿ 1ರಿಂದ ಛಾವಣಿ ಫ್ಯಾನುಗಳಿಗೆ ಕಡ್ಡಾಯವಾಗಿದೆ. ಅದೇ ವರ್ಷ ಕೇಂದ್ರ ಸರ್ಕಾರ ಹೊರಡಿಸಿದ ಗುಣಮಟ್ಟ ಆದೇಶ ಐಎಸ್‌ಐ ಗುರುತನ್ನೂ ಕಡ್ಡಾಯ ಮಾಡಿತು.

ಈಗಿನ ಸ್ಥಿತಿ

ಮೂರೂ ತಾಲ್ಲೂಕುಗಳಲ್ಲಿ ಮಾಳಿಗೆ ಮನೆಗಳು ವರ್ಷದಿಂದ ವರ್ಷಕ್ಕೆ ಸ್ಲ್ಯಾಬಿಗೆ ಎಡೆಗೊಡುತ್ತಿವೆ, ಪ್ರವಾಹಗಳು ಇದನ್ನು ಚುರುಕುಗೊಳಿಸಿವೆ. ಉಳಿದವುಗಳಲ್ಲಿ ಪಡಸಾಲೆಯಷ್ಟೇ ಹಳೆಯದು, ಹಿಂದುಮುಂದಿನ ಕೋಣೆಗಳು ಹೊಸವು ಎಂಬ ಬೆರಕೆಯೇ ಹೆಚ್ಚು. ಅಂಥ ಮನೆಯಲ್ಲಿ ಹೊಸ ತಾಮ್ರದ ತಂತಿ ಹಳೆಯ ಅಲ್ಯುಮಿನಿಯಂ ತಂತಿಯನ್ನು ಕೂಡುವ ಜಾಗ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್ ಒಳಗಿನ ಬಳಕೆಗೆ ಬಿಲ್ಲಿನ ವಿನಾಯಿತಿ ಕೊಡುತ್ತದೆ. ಪ್ರತಿ ಮನೆಗೆ ಅದರ ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿದ ಮಿತಿ ಇರುವುದರಿಂದ, ಕಡಿಮೆ ವ್ಯಾಟಿನ ಫ್ಯಾನು ಆ ಮಿತಿಯೊಳಗೆ ಉಳಿಯಲು ನೆರವಾಗುತ್ತದೆ.

ಗೋಕಾಕ, ಮೂಡಲಗಿಯಲ್ಲಿ ಹೆಸ್ಕಾಂ, ಹುಕ್ಕೇರಿಯಲ್ಲಿ ಸಹಕಾರಿ ಸಂಘ ಮೀಟರಿನವರೆಗಿನ ಲೈನಿಗೆ ಹೊಣೆ. ಮೀಟರಿನಿಂದ ಒಳಗಿನ ತಂತಿ, ಬೋರ್ಡು, ಹುಕ್ಕು, ತೊಲೆಗಳ ಹೊಣೆ ಮನೆಯವರದು.